ಕೊನೆಯ ಅರ್ಧ ಲೋಟ

ನಕ್ಷೆ ಬರೆಯುವ ಆ ಕೋಣೆಯಲ್ಲಿ ನೀರಿನ ಕ್ಯಾನು ಪೂರ್ತಿ ಖಾಲಿಯಾದದ್ದನ್ನು ಕಂಡವರು ಕಡಿಮೆ. ಕೊನೆಯ ಗುಟುಕು ಕುಡಿದವರು ಮೂರು ಮಹಡಿ ಇಳಿದು ಹೊಸದನ್ನು ಹೊತ್ತು ತರಬೇಕೆಂಬುದು ಅಲ್ಲಿನ ಕಟ್ಟಳೆ. ಹಾಗಾಗಿ ಎಲ್ಲರೂ ತಳದಲ್ಲಿ ಅರ್ಧ ಲೋಟ ಉಳಿಸಿ, ಬಲು ಸಭ್ಯರಂತೆ ಬಾಯಿ ಒರೆಸಿಕೊಳ್ಳುತ್ತಿದ್ದರು.

ಕಳೆದ ಹನ್ನೊಂದು ಗುರುವಾರವೂ ಆ ಅರ್ಧ ಲೋಟ ಕುಡಿದವನು ನದಿಯಣ್ಣ. ನಕ್ಷೆಯ ಮೇಲೆ ನೀಲಿ ಶಾಯಿಯಲ್ಲಿ ನದಿ ಎಳೆಯುವುದು ಅವನ ಕೆಲಸ. ಇಪ್ಪತ್ತು ವರ್ಷ ಎಳೆದಿದ್ದರೂ ಒಮ್ಮೆಯೂ ದೋಣಿ ಹತ್ತಿದವನಲ್ಲ. ಇಂದು ಸಂಜೆ ಹೆಂಡತಿಯೊಡನೆ ಹತ್ತುವುದೆಂದು ಮಾತಾಗಿತ್ತು.

“ಗುರುವಾರ ಬಂತು ಅಂದ್ರೆ ಕೊಡೆ ಹಿಡಿ ಥರ ಬಗ್ಗಿ ಬರ್ತೀರ,” ಎಂದಿದ್ದಳು ಅವಳು ಬೆಳಿಗ್ಗೆ. “ಇವತ್ತು ನೆಟ್ಟಗೆ ಬಂದ್ರೆ ಸರಿ. ಇಲ್ದಿದ್ರೆ ನಾನು ನನ್ನ ತಂಗೀನ ಕರ್ಕೊಂಡು ಹೋಗ್ತೀನಿ. ನಿಮ್ಮ ಆಫೀಸಿನವರು ಕ್ಯಾನು ಹೊತ್ರೆ ನೀವೂ ಹೊರಿ, ಅವರು ಬಿಟ್ರೆ ನೀವೂ ಬಿಡಿ. ಅಷ್ಟೂ ತಿಳಿಯಲ್ವಾ?”

ತಿಳಿಯಿತು. ಮಧ್ಯಾಹ್ನ ಎರಡಾದರೂ ನದಿಯಣ್ಣ ಅರ್ಧ ಲೋಟವಷ್ಟೇ ಉಳಿದಿದ್ದ ಕ್ಯಾನಿನತ್ತ ತಿರುಗಲಿಲ್ಲ.

“ತುಟಿ ಒಣಗಿದೆಯಲ್ಲ ನದಿಯಣ್ಣ, ಒಂದು ಗುಟುಕು ಹಾಕಿ,” ಎಂದ ಬೆಟ್ಟ ಬರೆಯುವ ಬೆಟ್ಟಪ್ಪ.

“ನೀವೇ ಹಾಕಿ.”

“ನಾನು ಒಂಟೆ ಇದ್ದ ಹಾಗೆ, ಬಿಡಿ.”

ಊರುಗಳ ಹೆಸರು ಬರೆಯುವ ಹೆಸರಮ್ಮ ನಿಟ್ಟುಸಿರಿಟ್ಟಳು. “ಹಿರಿಯರು ನೀವು ಕುಡೀದೆ ನಾವು ಹೇಗೆ ಕುಡಿಯೋದು ಅಣ್ಣ?”

ರಸ್ತೆ ಎಳೆಯುವ ರಸ್ತೆರಾಯ ತುಟಿ ಬಿಗಿಹಿಡಿದು ಗೆರೆ ಎಳೆಯುತ್ತಲೇ ಇದ್ದ. ಬಾಯಿ ತೆರೆದರೆ ಇರುವ ಪಸೆಯೂ ಆರುತ್ತದೆಂಬ ಭಯ.

ಕಿಟಕಿಯ ಬಿಸಿಲು ಮೇಜಿನ ಮೇಲೆ ತೆವಳಿತು. ನದಿಯಣ್ಣನ ಲೇಖನಿಯ ಕೆಳಗೆ ನೀಲಿ ಗೆರೆ ಮೆಲ್ಲನೆ ಅಲುಗಿತು, ಅಗಲವಾಯಿತು, ತಣ್ಣಗೆ ಹರಿಯತೊಡಗಿತು. ದೋಣಿಯೊಂದು ಬಂತು. ಅದರಲ್ಲಿ ಹೆಂಡತಿ ಕೂತಿದ್ದಳು, ಪಕ್ಕದಲ್ಲಿ ಅವನೇ, ಕಂಬದಷ್ಟು ನೆಟ್ಟಗೆ. ನೀರು ಮೊಗೆಯಲು ಬಾಗಿದ. ಕೆನ್ನೆ ನಕ್ಷೆಗೆ ತಾಗಿತು. ನಿದ್ದೆ.

“ಅಯ್ಯೋ, ಬಿದ್ದೇಬಿಟ್ರು!” ಎಂದಳು ಹೆಸರಮ್ಮ.

ಮೂವರ ಎದೆಯೂ ಚುರ್ ಎಂದಿತು. ಆದರೆ ನೀರು ತರುವವನು ಕಣ್ಣಿಗೆ ಬಿದ್ದರೆ ಮುಂದಿನ ಗುರುವಾರವೂ ಅವನ ಹೆಗಲಿಗೇ. ಬೆಟ್ಟಪ್ಪ ಹಲ್ಲುನೋವೆಂದು ಎದ್ದು ಹೋದ. ರಸ್ತೆರಾಯ ಯಾರಿಗೋ ಫೋನು ಮಾಡಬೇಕೆಂದು ಹೊರಟ. ಹೆಸರಮ್ಮ ಕಾರಣವನ್ನೇ ಹೇಳಲಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಹೊತ್ತಿಗೆ ಏದುಸಿರು ಬಿಡುತ್ತ ಮರಳಿ, ಹಳೆಯ ನಕ್ಷೆ ಹೊದಿಸಿದ ಏನನ್ನೋ ತಮ್ಮ ಮೇಜಿನಡಿ ತಳ್ಳಿದರು. ಕಳ್ಳತನದಲ್ಲಿ ಒಳ್ಳೆಯತನ ಮಾಡುವುದೆಂದರೆ ಇದೇ.

ನಾಲ್ಕಕ್ಕೆ ಮೇಲಧಿಕಾರಿ ಒಳನುಗ್ಗಿದ. “ಕೆಳಗಡೆ ಒಂದು ಕ್ಯಾನೂ ಉಳಿದಿಲ್ಲ! ಇಲ್ಲಿಗೆ ಮೂರು ಬಂದಿದೆಯಂತೆ. ಕೋಣೆಗೆ ಒಂದೇ ಅಂತ ನಿಯಮ ಇಲ್ವಾ?” ಬಗ್ಗಿ ನಕ್ಷೆಗಳನ್ನು ಸರಿಸಿದ. “ಯಾರ್ರೀ ತಂದಿದ್ದು?”

ಮೂವರೂ ಸೂರು ನೋಡಿದರು. ನದಿಯಣ್ಣ ತಲೆಯೆತ್ತಿದ. ಅವನ ಕೆನ್ನೆಯ ಮೇಲೆ ನದಿಯೊಂದು ಅಚ್ಚಾಗಿತ್ತು.

“ಹನ್ನೊಂದು ವಾರದಿಂದ ಇವರೇ ತರೋದು ಸಾರ್,” ಎಂದ ಬೆಟ್ಟಪ್ಪ ಮೆಲ್ಲಗೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ಸಾರ್, ಇವತ್ತು ನಾನು—”

“ಸುಸ್ತಾಗಿ ಮಲಗಿದ್ದು ಕಾಣ್ತಿದೆಯಲ್ರೀ! ಎರಡನ್ನ ವಾಪಸ್ ಇಳಿಸಿ.”

ಇಳಿಸಿದ. ಒಂದಾದ ಮೇಲೊಂದು, ಮೂರು ಮಹಡಿ. ಹೆಗಲ ಮೇಲೆ ನದಿ ಗುಳುಗುಳು ನಗುತ್ತಿತ್ತು. ಎರಡನೆಯ ಸಲ, ಕೊನೆಯ ಮೆಟ್ಟಿಲಲ್ಲಿ, ಸೊಂಟದೊಳಗೆ ಏನೋ ‘ಕಟ್’ ಎಂದಿತು.

ಗೋಡೆ ಹಿಡಿದು ಮೇಲೆ ಬಂದರೆ, ಉಳಿಸಿಕೊಂಡ ಹೊಸ ಕ್ಯಾನು ಮುಚ್ಚಳ ಸಮೇತ ನೆಲದ ಮೇಲೇ ಕೂತಿತ್ತು. ಹಳೆಯದರಲ್ಲಿ ಅದೇ ಅರ್ಧ ಲೋಟ.

“ಸ್ಟ್ಯಾಂಡಿಗೆ ಎತ್ತಿಡೋದು ನಿಮಗೇ ಅಭ್ಯಾಸ ಅಂತ ಕಾಯ್ತಿದ್ವಿ ಅಣ್ಣ,” ಎಂದಳು ಹೆಸರಮ್ಮ, ನಾಲ್ಕು ಲೋಟ ತೊಳೆದಿಟ್ಟು.

ಜೇಬಿನಲ್ಲಿ ಫೋನು ಹಾಡಿತು.

“ಹೊರಟ್ರಾ? ನೆಟ್ಟಗೆ ಬರ್ತಿದೀರಾ?”

“ನೆಟ್ಟಗೆ ಅಲ್ಲಿಗೇ ಬರ್ತಿದೀನಿ ಕಣೇ,” ಎಂದ ನದಿಯಣ್ಣ, ತನ್ನ ಚಪ್ಪಲಿಗಳನ್ನು ನೋಡುತ್ತ. ಅವನಿಗೆ ಈಗ ಕಾಣುತ್ತಿದ್ದುದು ಅವೆರಡೇ.