ಬೀಗರಿಗೆ ತೋರಿಸಿದ ಡಾಲ್ಫಿನ್

ಪರಮಶಿವಪ್ಪ ಡಾಲ್ಫಿನ್ ನೋಡಿದ್ದಾನೆ ಎಂಬುದು ಶಿಕಾರಿಪುರದಲ್ಲಿ ಯಾರಿಗೆ ತಾನೇ ಗೊತ್ತಿರಲಿಲ್ಲ? ಅವನ ಗೊಬ್ಬರದ ಅಂಗಡಿಗೆ ಯೂರಿಯಾ ಕೇಳಿಕೊಂಡು ಬಂದವರು ಮೊದಲು ಡಾಲ್ಫಿನ್ ಕತೆ ಕೇಳಬೇಕಿತ್ತು, ಆಮೇಲೆ ಯೂರಿಯಾ. ಊರಿಗೆ ಗೊತ್ತಿಲ್ಲದ ಸಂಗತಿ ಒಂದೇ ಒಂದಿತ್ತು. ಅವನು ಡಾಲ್ಫಿನ್ ನೋಡಿರಲಿಲ್ಲ.

ನಡೆದದ್ದು ಇಷ್ಟು. ಹಿಂದಿನ ವರ್ಷ ಬೀಜದ ಕಂಪನಿಯೊಂದು ಅಂಗಡಿಯವರನ್ನೆಲ್ಲ ಕರಾವಳಿಗೆ ಪ್ರವಾಸ ಕರೆದೊಯ್ದಿತ್ತು. ಮಧ್ಯಾಹ್ನದ ಊಟಕ್ಕೆ ಹೋಳಿಗೆ, ಅದರ ಮೇಲೆ ಧಾರಾಳವಾಗಿ ತುಪ್ಪ. ಉಳಿದವರು ಬೋಟು ಹತ್ತಿ ಕಡಲಿಗೆ ಹೋದಾಗ ಪರಮಶಿವಪ್ಪ ಲಾಡ್ಜಿನ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದ. ಎದ್ದು ನೋಡಿದರೆ ಎಲ್ಲರ ಬಾಯಲ್ಲೂ ಅದೇ ಮಾತು, ಹಂಗೆ ಹಾರಿತು, ಹಿಂಗೆ ಮುಳುಗಿತು. ಇವನೂ ‘ಹೂಂ ಹೂಂ’ ಎಂದ. ಬಸ್ಸು ಶಿಕಾರಿಪುರ ತಲುಪುವಷ್ಟರಲ್ಲಿ ಆ ‘ಹೂಂ’ಗೆ ಬಾಲ, ರೆಕ್ಕೆ ಎಲ್ಲ ಮೂಡಿದ್ದವು.

ಅಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮಗನ ಮದುವೆಯಾದ ಮೊದಲ ದೀಪಾವಳಿಗೆ ಸೊರಬದ ಬೀಗರ ಮನೆಗೆ ಹೋದದ್ದೇ ಎಡವಟ್ಟಾಯಿತು. ಬೀಗ ವೀರಬಸಪ್ಪನಿಗೆ ಹತ್ತಿರದ ಗುಡವಿ ಕೆರೆಯ ಪಕ್ಷಿಧಾಮದ ಹಕ್ಕಿಗಳೆಂದರೆ ಪ್ರಾಣ. ಅಲ್ಲಿ ಕೂತ ಒಂದೊಂದು ಹಕ್ಕಿಗೂ ತಾನೇ ಕಾಳು ಹಾಕಿ ಸಾಕಿದವನಂತೆ ಮಾತಾಡುತ್ತಿದ್ದ. ಊಟ ಮುಗಿದ ಕೂಡಲೇ ಎಲ್ಲರನ್ನೂ ಕೆರೆಯ ದಡಕ್ಕೆ ಕರೆದೊಯ್ದು ಕೈ ಚಾಚಿದ.

“ನೋಡ್ರಿ ಬೀಗ್ರೇ, ಎಲ್ಲೆಲ್ಲಿಂದಲೋ ಹುಡುಕ್ಕೊಂಡು ನಮ್ಮ ಸೊರಬಕ್ಕೇ ಬರ್ತಾವೆ. ನಿಮ್ಮ ಶಿಕಾರಿಪುರದಲ್ಲಿ ಇಂಥಾದ್ದು ಏನಿದೆ?”

ಪರಮಶಿವಪ್ಪನಿಗೆ ಮೀಸೆಯ ಬುಡದಲ್ಲಿ ಚುರ್ ಎಂದಿತು.

“ಹಕ್ಕಿ ಬಿಡ್ರಿ. ಹಕ್ಕಿ ನಮ್ಮ ಅಂಜನಾಪುರದ ಡ್ಯಾಮಿಗೂ ಬರ್ತಾವೆ. ನೀವು ಡಾಲ್ಫಿನ್ ನೋಡೀರೇನು?”

“ಇಲ್ಲಪ್ಪ.”

“ನಾನು ನೋಡೀನಿ. ನಿಮಗೂ ತೋರಿಸ್ತೀನಿ, ಬರ್ರಿ!”

ಬೀಗರ ಎದುರು ಆಡಿದ ಮಾತು ಅಂಗಡಿಯ ಮಾತಿನ ಹಾಗಲ್ಲ. ಅದನ್ನು ನಡೆಸಿಕೊಡಲೇಬೇಕು. ಹೀಗೆ ಡಿಸೆಂಬರಿನ ಒಂದು ಬೆಳಗ್ಗೆ ಪರಮಶಿವಪ್ಪ ಅಂಗಡಿಯನ್ನು ಮಗ ಸೊಸೆಗೆ ಒಪ್ಪಿಸಿ, ಹೆಂಡತಿ ನೀಲಾಂಬಿಕಳೊಡನೆ ಕಾರು ಹತ್ತಿದ. ಸೊರಬದಲ್ಲಿ ವೀರಬಸಪ್ಪನನ್ನೂ ಬೀಗತಿ ರಾಜೇಶ್ವರಮ್ಮನನ್ನೂ ಹತ್ತಿಸಿಕೊಂಡು ಘಟ್ಟ ಇಳಿದ. ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ. ‘ಶಿವನೇ, ಒಂದೇ ಒಂದು ಸಲ ಕಣ್ಣಿಗೆ ಬೀಳಿಸಪ್ಪ. ಇಷ್ಟು ದಿನ ಹೇಳಿದ್ದಕ್ಕೆಲ್ಲ ಅದನ್ನೇ ಜಮಾ ಮಾಡ್ಕೊತೀನಿ.’

ದಾರಿಯುದ್ದಕ್ಕೂ ರಾಜೇಶ್ವರಮ್ಮನ ಪ್ರಶ್ನೆಗಳು.

“ಅಣ್ಣಾರೇ, ಅದು ಮೊಟ್ಟೆ ಇಡ್ತದೋ, ಮರಿ ಹಾಕ್ತದೋ?”

ಪರಮಶಿವಪ್ಪ ಗಂಟಲು ಸರಿಮಾಡಿಕೊಂಡ. “ಅದು ಕಾಲದ ಮೇಲೆ ಹೋಗ್ತತೆ ಬೀಗತೇರೆ. ಮಳೆಗಾಲದಾಗೆ ಒಂದು ಥರ, ಬ್ಯಾಸಿಗ್ಯಾಗೆ ಒಂದು ಥರ.”

“ಏನ್ ತಿಂತದೆ?”

“ಏನು ಕೊಟ್ರೂ ತಿಂತತೆ. ಆದ್ರೆ ಮಂಡಕ್ಕಿ ಅಂದ್ರೆ ಪ್ರಾಣ.”

ಅದನ್ನು ಸುಮ್ಮನೆ ಹೇಳಿದ್ದಲ್ಲ. ದೇವಸ್ಥಾನದ ಹೊಳೆಗಳಲ್ಲಿ ಮಂಡಕ್ಕಿ ಎರಚಿದರೆ ಮೀನುಗಳು ಗುಂಪುಗುಂಪಾಗಿ ಮೇಲೆ ಬರುವುದನ್ನು ಅವನು ಕಂಡಿದ್ದ. ಹೊಳೆಯ ಮೀನು ಬರುವುದಾದರೆ ಕಡಲಿನ ಮೀನಿಗೇನು ಬಿಗುಮಾನ? ಶಿಕಾರಿಪುರದ ಗರಿಗರಿ ಮಂಡಕ್ಕಿಯ ಒಂದು ಚೀಲವೇ ಡಿಕ್ಕಿಯಲ್ಲಿತ್ತು.

ಕರಾವಳಿಯ ಊರಿನಲ್ಲಿ, ಬೋಟು ಹತ್ತುವ ಧಕ್ಕೆಯಲ್ಲಿ ಪುಟ್ಟ ಬೋಟೊಂದು ಕಾಯುತ್ತಿತ್ತು. ಬೋಟಿನವನು ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದ. ಪರಮಶಿವಪ್ಪನ ಹೊಟ್ಟೆಯ ಮೇಲೆ ಮಾತ್ರ ಜಾಕೆಟ್ಟಿನ ಎರಡು ಪಟ್ಟಿಗಳು ಒಂದನ್ನೊಂದು ದೂರದಿಂದಲೇ ನೋಡುತ್ತ ಉಳಿದವು. ಕೊನೆಗೆ ನೀಲಾಂಬಿಕ ಅವನ ಶಲ್ಯವನ್ನೇ ಸುತ್ತಿ, ಗೊಬ್ಬರದ ಚೀಲದ ಬಾಯಿ ಕಟ್ಟಿದಂತೆ ಗಂಟು ಬಿಗಿದಳು.

ಬೋಟಿನವನು ಅವನನ್ನು ಮೇಲಿಂದ ಕೆಳಗೆ ಅಳೆದು ನೋಡಿದ. “ಯಜಮಾನ್ರೇ, ನೀವು ಆ ಬದಿಗೆ ಒಬ್ರೇ ಕೂತ್ಕಳಿ. ಉಳಿದ ಮೂರೂ ಜನ ಈ ಬದಿಗೆ. ಇಲ್ದಿದ್ರೆ ಬೋಟು ವಾಲ್ತದೆ.”

“ನಾನು ಬೀಗರ ಪಕ್ಕ ಕೂತು ತೋರಿಸಬೇಕಲ್ರೀ?”

“ಅಲ್ಲಿಂದ್ಲೇ ತೋರ್ಸಿ ಮಾರಾಯ್ರೆ.”

ವೀರಬಸಪ್ಪ ನಕ್ಕುಬಿಟ್ಟ. “ಬಿಡ್ರಿ ಬೀಗ್ರೇ, ನಾವು ಮೂರು ಜನಕ್ಕೆ ನೀವೊಬ್ರೇ ಸಮ. ಅದೇನು ಸಣ್ಣ ಮಾತಾ?”

ಬೋಟು ಗುಡುಗುಡು ಎನ್ನುತ್ತ ಕಡಲಿಗೆ ನುಗ್ಗಿತು. ದಡ ದೂರವಾದ ಮೇಲೆ ಬೋಟಿನವನು ಎಂಜಿನ್ ನಿಲ್ಲಿಸಿದ. ಪರಮಶಿವಪ್ಪ ಗಂಭೀರವಾಗಿ ಚೀಲ ಬಿಚ್ಚಿ, “ಎಲ್ಲಾರೂ ಸುಮ್ನಿರ್ರಿ” ಎಂದು ಒಂದು ಬೊಗಸೆ ಮಂಡಕ್ಕಿ ನೀರಿಗೆ ಎರಚಿದ.

ಡಾಲ್ಫಿನ್ ಬರಲಿಲ್ಲ. ಎಲ್ಲಿದ್ದವೋ ಏನೋ, ಕಡಲಹಕ್ಕಿಗಳು ಕಿರುಚುತ್ತ ಬಂದು ಮುತ್ತಿಕೊಂಡವು. ನೀರಿನ ಮಂಡಕ್ಕಿ ತೀರಿದ ಮೇಲೆ ಚೀಲಕ್ಕೇ ಬಾಯಿ ಹಾಕಿದವು. ಒಂದು ಪರಮಶಿವಪ್ಪನ ತಲೆಯ ಮೇಲೆ ಕೂತಿತು, ಇನ್ನೊಂದು ಶಲ್ಯದ ಗಂಟು ಜಗ್ಗಿತು. ಅವನು ಎರಡೂ ಕೈ ಬೀಸುತ್ತ “ಹುಶ್! ಹುಶ್!” ಎಂದು ಕುಣಿದಾಡಿದ.

ವೀರಬಸಪ್ಪನಿಗೆ ಆನಂದವೋ ಆನಂದ. “ಬೀಗ್ರೇ, ನಮ್ಮ ಗುಡವಿಯ ಹಕ್ಕಿಗೆ ಇಷ್ಟು ಸಲಿಗೆ ಇಲ್ಲ ನೋಡ್ರಿ!”

ಚೀಲ ಖಾಲಿಯಾಯಿತು. ಹಕ್ಕಿಗಳೂ ಹೋದವು. ಪರಮಶಿವಪ್ಪ ಮುಖ ಒರೆಸಿಕೊಳ್ಳುವಷ್ಟರಲ್ಲಿ ಆ ಬದಿಯಿಂದ ವೀರಬಸಪ್ಪನ ಕೂಗು ಕೇಳಿತು.

“ಅಗೋ! ಅಗೋ ನೋಡ್ರಿ!”

ಪರಮಶಿವಪ್ಪ ಧಡಕ್ಕನೆ ಎದ್ದ. ಬೋಟು ಧಡಕ್ಕನೆ ವಾಲಿತು. ಹೆಂಗಸರು “ಅಯ್ಯಯ್ಯೋ ಶಿವನೇ” ಎಂದು ಚೀರಿದರು.

“ಕೂತ್ಕಳಿ ಯಜಮಾನ್ರೇ!” ಬೋಟಿನವನು ಗದರಿದ. “ನೀವೆದ್ರೆ ಎಲ್ರೂ ಸೀದಾ ನೀರಿಗೇ!”

ಅವನು ಕೂತ. ಸ್ವಲ್ಪ ಹೊತ್ತಿಗೆ ರಾಜೇಶ್ವರಮ್ಮ, “ಆಹಾ, ಎಷ್ಟ್ ಚಂದ ಬಂತು!” ಎಂದಳು. ಪರಮಶಿವಪ್ಪ ಕೂತಲ್ಲಿಂದಲೇ ಕತ್ತು ಉದ್ದ ಮಾಡಿದ. ಕಂಡದ್ದು ಮೂರು ಕಿತ್ತಳೆ ಬೆನ್ನುಗಳು, ನಡುವೆ ಬೀಗತಿಯ ಮುಡಿಯ ಸೇವಂತಿಗೆ. ಕೊನೆಗೆ ಅವನ ಹೆಂಡತಿಯೂ, ತಾಳಿ ಕಟ್ಟಿಸಿಕೊಂಡ ಹೆಂಡತಿಯೂ, “ಅಲ್ ನೋಡ್ರೀ, ಮತ್ತೆ ಬಂತು!” ಎಂದುಬಿಟ್ಟಳು. ಅವನಿಗೆ ಅಳುವೇ ಬಂದಂತಾಯಿತು. ಡಾಲ್ಫಿನ್ ಎಂಬ ಹೆಸರನ್ನು ಈ ಮನೆಗೆ ತಂದವನು ತಾನು, ಅದನ್ನು ನೋಡುವ ಭಾಗ್ಯ ಇವಳಿಗೆ!

ಇನ್ನು ತಡೆಯಲಾರದೆ ಮೆಲ್ಲಗೆ ಮಂಡಿಯೂರಿ, ಬೋಟಿನ ತಳದಲ್ಲಿ ಅಂಬೆಗಾಲಿಡುತ್ತ ಆ ಬದಿಗೆ ಹೊರಟ. ಅರ್ಧ ದಾರಿಯಲ್ಲಿ ಒಂದು ಅಲೆ ಬಂತು. ಅವನು ಒದ್ದೆ ಹಲಗೆಯ ಮೇಲೆ ಸರ್ರನೆ ಜಾರಿ, ಹೊರಟಲ್ಲಿಗೇ ಬಂದು ಬಿದ್ದ.

“ಸಾಕು, ತಿರುಗ್ಸುವಾ” ಎಂದ ಬೋಟಿನವನು. ಬೋಟು ದಡಕ್ಕೆ ಬಂತು.

ಧಕ್ಕೆಯ ಮೇಲೆ ನಿಂತು ಪರಮಶಿವಪ್ಪ ಶಲ್ಯ ಹಿಂಡಿಕೊಳ್ಳುತ್ತಿದ್ದಾಗ ವೀರಬಸಪ್ಪ ಬಳಿಗೆ ಬಂದು ಹೆಗಲ ಮೇಲೆ ಕೈಯಿಟ್ಟ.

“ಪಾಪ, ಬೀಗ್ರೇ. ನಮ್ಮನ್ನ ಕರ್ಕೊಂಡು ಬಂದು ನಿಮಗೇ ಏನೂ ಕಾಣ್ಲಿಲ್ಲ ಅಲ್ಲನ್ರೀ?”

ಬೈದಿದ್ದರೆ ಪರಮಶಿವಪ್ಪ ಸಹಿಸುತ್ತಿದ್ದ. ಸೊರಬದವರ ‘ಪಾಪ’ವನ್ನು ಮಾತ್ರ ಸಹಿಸಲಾರ. ಅವನ ಎದೆ ತಾನಾಗಿಯೇ ಉಬ್ಬಿತು.

“ಯಾರು ಹೇಳಿದ್ರು ಕಾಣ್ಲಿಲ್ಲ ಅಂತ? ನೀವು ಆ ಕಡೆ ಗದ್ದಲ ಹಾಕ್ತಿದ್ರಲ್ಲ, ಅದಕ್ಕೆ ಹೆದ್ರಿ ಅವು ನನ್ನ ಕಡೀಗೇ ಬಂದ್ವು! ಎರಡು ಜೋಡಿಯಾಗಿ ಹಾರಿದ್ವು ನೋಡ್ರಿ, ನನ್ನ ಮುಖಕ್ಕೆ ನೀರು ರಪ್ ಅಂತ ಹೊಡೀತು. ಆಮ್ಯಾಲೆ ಒಂದು ತಲೆ ಎತ್ತಿ ನನ್ನನ್ನೇ ನೋಡಿ, ಹಿಂಗೆ, ನಗಾಡಿದಂಗೆ ಮಾಡ್ತು!”

ಮೂವರೂ ಬಾಯಿ ಬಿಟ್ಟುಕೊಂಡು ನಿಂತರು. ಅಷ್ಟರಲ್ಲಿ ಬೋಟಿನವನು ತಲೆ ಕೆರೆಯುತ್ತ ಬಂದ.

“ಏನೂ ತಿಳ್ಕಳ್ಬೇಡಿ. ನನ್ನ ಕಣ್ಣಿಗಂತೂ ಇವತ್ತು ಒಂದೂ ಬೀಳ್ಲಿಲ್ಲ. ಕಾಣದೇ ಇದ್ದವ್ರಿಗೆ ಇನ್ನೊಂದು ಸುತ್ತು ಪುಕ್ಕಟೆ, ಅದು ನಮ್ಮ ಪದ್ಧತಿ. ಯಾರ್ಯಾರಿಗೆ ಕಾಣ್ಲಿಲ್ಲ ಹೇಳಿ.”

ಪರಮಶಿವಪ್ಪ ಬೀಗರ ಮುಖ ನೋಡಿದ. ಬೀಗ ಕಡಲು ನೋಡಿದ. ಕೊನೆಗೆ ರಾಜೇಶ್ವರಮ್ಮ ಸೆರಗಿನ ತುದಿ ತಿರುಚುತ್ತ ಬಾಯಿಬಿಟ್ಟಳು.

“ತಪ್ಪು ತಿಳ್ಕೋಬ್ಯಾಡ್ರಿ ಅಣ್ಣಾರೇ. ನಮಗೆ ನೀರು ಬಿಟ್ರೆ ಏನೂ ಕಾಣ್ಲಿಲ್ಲ. ಬೀಗರು ಎಲೆ ಹಾಕಿ ಕೂರಿಸಿದ ಮೇಲೆ ಅದು ಬರ್ಲಿಲ್ಲ, ಇದು ಸಾಲ್ಲಿಲ್ಲ ಅನ್ನಬಾರ್ದು ಅಂತ ನಮ್ಮತ್ತೆ ಹೇಳ್ಕೊಟ್ಟಾರೆ. ನಿಮ್ಮ ಮನಸ್ಸಿಗೆ ಬೇಜಾರಾಗಬಾರ್ದು ಅಂತ ಕೂಗಿದ್ವಿ.”

“ನಾನೇ ಮೊದ್ಲು ಕೂಗಿದ್ದು” ಎಂದ ವೀರಬಸಪ್ಪ. “ಇಷ್ಟು ದೂರ ಕರ್ಕೊಂಡು ಬಂದೀರಿ, ಉಪಚಾರಕ್ಕಾದ್ರೂ ಬ್ಯಾಡವಾ?”

“ಮತ್ತೆ ನೀನು?” ಪರಮಶಿವಪ್ಪ ಹೆಂಡತಿಯ ಕಡೆ ತಿರುಗಿದ.

“ಬೀಗರಿಗೆ ಕಂಡದ್ದು ನನಗೆ ಕಾಣ್ಲಿಲ್ಲ ಅಂದ್ರೆ ಶಿಕಾರಿಪುರದೋರಿಗೆ ಕಣ್ಣಿಲ್ಲ ಅನ್ನಲ್ವೇನ್ರೀ?” ಎಂದಳು ನೀಲಾಂಬಿಕ.

ಬೋಟಿನವನು ಪರಮಶಿವಪ್ಪನ ಮುಂದೆ ಬಂದು ನಿಂತ. “ನಿಮಗೆ, ಯಜಮಾನ್ರೇ? ಕಂಡಿದ್ಯಾ, ಇಲ್ವಾ?”

ಒಂದೇ ಒಂದು ‘ಇಲ್ಲ’. ಅಷ್ಟು ಅಂದರೆ ಬೋಟು ಹತ್ತಬಹುದು, ಹುಟ್ಟಿದ್ದಕ್ಕೆ ಒಂದು ಸಲ ಡಾಲ್ಫಿನ್ ನೋಡಬಹುದು. ನಾಲಿಗೆಯ ತುದಿಗೂ ಬಂತು. ಆದರೆ ಎದುರಿಗೆ ಬೀಗ ನಿಂತಿದ್ದ, ಅವನ ಕಣ್ಣಲ್ಲಿ ಇನ್ನೂ ಆ ನಗಾಡಿದ ಡಾಲ್ಫಿನ್ ಇತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

“ಕಂಡತೆ” ಎಂದ ಪರಮಶಿವಪ್ಪ. “ಎಷ್ಟು ಸಲ ಅಂತ ನೋಡೋದು! ನೀವು ಹೋಗಿಬರ್ರಿ.”

ಮೂವರೂ ಹೊರಟರು. ಅವನು ಅವರ ಚಪ್ಪಲಿ, ಚೀಲಗಳನ್ನು ಕಾಯುತ್ತ ಧಕ್ಕೆಯ ಕಲ್ಲಿನ ಮೇಲೆ ಕೂತ. ಬೋಟು ದೂರ ಹೋಗಿ ಒಂದು ಚುಕ್ಕೆಯಾಯಿತು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರೂ ಬರೀ ಬಿಸಿಲು ಹೊಳೆಯುವ ನೀರು. ಗಾಳಿಯಲ್ಲಿ ಮಾತ್ರ ಕೂಗು ಕೇಳಿಬಂತು. ಈ ಸಲದ ಕೂಗಿನಲ್ಲಿ ಉಪಚಾರ ಇರಲಿಲ್ಲ. ರಾಜೇಶ್ವರಮ್ಮ ಸಣ್ಣ ಹುಡುಗಿಯಂತೆ ಕೇಕೆ ಹಾಕುತ್ತಿದ್ದಳು. ಪರಮಶಿವಪ್ಪ ಕಲ್ಲಿನ ಮೇಲೆ ಹತ್ತಿ ತುದಿಗಾಲಲ್ಲಿ ನಿಂತ. ಏನೂ ಕಾಣಲಿಲ್ಲ.

ಬೋಟು ಬಂದಾಗ ಮೂವರೂ ತೊಯ್ದು ತೊಪ್ಪೆಯಾಗಿದ್ದರು. ವೀರಬಸಪ್ಪ ಅದು ಪೂರ್ತಿ ನಿಲ್ಲುವ ಮೊದಲೇ ಹಾರಿ ಇಳಿದು, ಓಡಿಬಂದು ಪರಮಶಿವಪ್ಪನ ಎರಡೂ ಕೈ ಹಿಡಿದುಕೊಂಡ.

“ಬೀಗ್ರೇ, ನೀವು ಹೇಳ್ದಂಗೇ! ಜೋಡಿಯಾಗಿ ಹಾರಿದ್ವು! ಮುಖಕ್ಕೆ ನೀರು ರಪ್ ಅಂತ ಹೊಡೀತು! ಕೊನೀಗೆ ಒಂದು ತಲೆ ಎತ್ತಿ ನಕ್ಕೇಬಿಡ್ತು ರೀ! ನೀವು ಹೇಳಿದ್ರಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ನಮ್ಮ ಗುಡವಿ ನಿಮ್ಮ ಮುಂದೆ ಏನೂ ಅಲ್ಲ, ಒಪ್ಪಿದೆ!”

ನೀಲಾಂಬಿಕ ಒದ್ದೆ ಮುಖದಲ್ಲೇ ಗಂಡನನ್ನು ನೋಡಿದಳು. “ಇಷ್ಟು ದಿನ ನಾನು ನಿಮ್ಮ ಮಾತು ನಂಬಿರಲೇ ಇಲ್ಲ ಕಣ್ರೀ. ಬರೀ ಬುರುಡೆ ಅನ್ಕೊಂಡಿದ್ದೆ” ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಪರಮಶಿವಪ್ಪನಿಗೆ ಎದೆ ತುಂಬಿ ಬಂತು. ಮದುವೆಯಾದಂದಿನಿಂದ ಅವಳು ತನ್ನನ್ನು ಹೀಗೆ ನೋಡಿದ್ದೇ ಇಲ್ಲ. ಸೊರಬ ಸೋತಿತ್ತು, ಶಿಕಾರಿಪುರ ಗೆದ್ದಿತ್ತು. ಅವನು ಮೀಸೆಯ ಮೇಲೆ ಕೈಯಾಡಿಸಿದ.

“ಹೇಳಿರ್ಲಿಲ್ವೇನು ನಾನು?”

“ಸಂಕ್ರಾಂತಿ ಕಳೆದ ಮೇಲೆ ನಮ್ಮ ನೆಂಟರನ್ನೆಲ್ಲ ಕರ್ಕೊಂಡು ಬರ್ತೀನಿ. ಇದನ್ನ ನೀವೇ ಮುಂದೆ ನಿಂತು ನಡೆಸಿಕೊಡ್ಬೇಕು” ಎಂದ ವೀರಬಸಪ್ಪ.

“ಅದಕ್ಕೇನ್ರೀ!” ಪರಮಶಿವಪ್ಪನ ಮುಖ ಅರಳಿತು. ಅವತ್ತಾದರೂ ಎಲ್ಲರಿಗಿಂತ ಮೊದಲು ಬಂದು ಒಳ್ಳೆಯ ಬದಿ ಹಿಡಿಯಬೇಕು ಎಂದು ಆಗಲೇ ಲೆಕ್ಕ ಹಾಕತೊಡಗಿದ.

“ಒಂದೇ ಒಂದು ವಿನಂತಿ ಬೀಗ್ರೇ, ಬೇಜಾರ್ ಮಾಡ್ಕೋಬಾರ್ದು” ಎಂದು ವೀರಬಸಪ್ಪ ಕೈ ಮುಗಿದ. “ನೀವು ಬೋಟಲ್ಲಿದ್ರೆ ಅವು ಎಲ್ಲಾ ನಿಮ್ಮ ಕಡೀಗೇ ಹೋಗಿಬಿಡ್ತಾವೆ, ಉಳಿದೋರಿಗೆ ಕಾಣಲ್ಲ. ನೀವು ಇಳಿದ ಮೇಲೇ ನಮಗೆ ಕಂಡದ್ದು. ಅದಕ್ಕೆ ಅವತ್ತೂ ನೀವು ಇಲ್ಲೇ ದಡದಲ್ಲಿ ಇದ್ಬಿಡ್ರಿ. ಹೆಂಗೂ ನೀವು ಬೇಕಾದಷ್ಟು ನೋಡೀರಲ್ಲ!”