ಫೋಟೋದಲ್ಲಿ ಮಲಗಿದವನು

ಎಲ್ಲ ರಗಳೆಗೂ ಮೂಲ ಒಂದು ಜೊತೆ ರೆಪ್ಪೆ. ಫೋಟೋ ತೆಗೆಯುವವನು "ಇತ್ತ ನೋಡಿ" ಎಂದ ಹೊತ್ತಿಗೆ ಸರಿಯಾಗಿ ಜೋಂಪಣ್ಣನ ರೆಪ್ಪೆ ಕೆಳಗಿಳಿದವು, ಇಳಿದವು ಮೇಲೇಳಲಿಲ್ಲ. ರಾತ್ರಿಯೆಲ್ಲ ಹಾಸಿಗೆ ಗೋದಾಮು ಕಾದು, ಮನೆಗೂ ಹೋಗದೆ ನೇರವಾಗಿ ಗುರುತಿನ ಚೀಟಿಯ ಸಾಲಿಗೆ ಬಂದು ನಿಂತಿದ್ದ ಮನುಷ್ಯ ಅವನು. ಒರಗಲು ಬೆನ್ನಿಲ್ಲದ ಸ್ಟೂಲು ಕೂಡ ಅವನಿಗೆ ತೂಗುಮಂಚವಾಗಿ ಕಂಡಿತು. ಚೀಟಿ ಕೈಗೆ ಬಂದಾಗ ನೋಡಿದರೆ ತಲೆ ಎಡಭುಜಕ್ಕೆ ವಾಲಿದೆ, ಕಣ್ಣು ಮುಚ್ಚಿದೆ, ತುಟಿಯ ಮೇಲೆ ಆಗಷ್ಟೇ ಹಾಲು ಕುಡಿದ ಮಗುವಿನ ನಗೆ.

"ಚೆನ್ನಾಗೇ ಬಂದಿದೆ ಬಿಡ್ರೀ" ಎಂದಳು ಹೆಂಡತಿ. "ನಿಮ್ಮನ್ನ ಹೀಗೆ ನೋಡೇ ನಂಗೆ ಅಭ್ಯಾಸ."

ಹಾಗೆ ನೋಡಿದರೆ, ವೋಟಿಗೆ ಫೋಟೋ ಬೇಕೇ ಬೇಕು ಎಂದು ಬೀದಿಯಲ್ಲಿ ಮೊದಲು ಬಾಯಿಬಿಟ್ಟವನೇ ಜೋಂಪಣ್ಣ. ಕಳೆದ ಸಲ ಒಂದು ಗಳಿಗೆ ಒರಗಿ ಎದ್ದು ಬೂತಿಗೆ ಹೋಗುವಷ್ಟರಲ್ಲಿ ಅವನ ಹೆಸರಿನಲ್ಲಿ ಯಾರೋ ವೋಟು ಹಾಕಿ ಹೋಗಿದ್ದರು. "ನೀವು ಆಗಲೇ ಬಂದು ಹೋದ್ರಲ್ಲ" ಎಂದು ಅಲ್ಲಿದ್ದವರು ಹೇಳಿದಾಗ, ನಿದ್ದೆಗಣ್ಣಿನಲ್ಲಿ ತಾನೇ ಬಂದು ಹೋಗಿದ್ದೆನೋ ಏನೋ ಎಂದು ಅವನು ಎಷ್ಟೋ ದಿನ ತನ್ನ ಮೇಲೇ ಗುಮಾನಿಪಟ್ಟ. ಆಮೇಲೆ ಕಂಡಕಂಡವರ ಮುಂದೆ, "ಮುಖ ಇರೋದು ಯಾಕೆ? ಫೋಟೋ ಕೇಳ್ಬೇಕಪ್ಪ, ಫೋಟೋ" ಎಂದು ಹೇಳಿಕೊಂಡು ತಿರುಗಿದ. ಈ ಸಲ ಕೇಳುವವರು ಬಂದಿದ್ದರು.

ಈ ಸಲದ ವೋಟು ಅವನಿಗೆ ಉಸಿರಿನಷ್ಟು ಮುಖ್ಯ. ಅವನದು ಮಹಡಿಯ ಮೇಲಿನ ಒಂದೇ ಕೋಣೆ. ಕೆಳಗೆ ತಗಡಿನ ಮೇಸ್ತ್ರಿಯ ಅಂಗಡಿ. ಅಲ್ಲಿ ಹಗಲೆಲ್ಲ ತಗಡು ಬಡಿದು ಟ್ರಂಕು, ಬಕೆಟ್ಟು, ಡಬ್ಬಿ ಮಾಡುತ್ತಾರೆ. ಜೋಂಪಣ್ಣ ಬೆಳಿಗ್ಗೆ ಬಂದು ದಿಂಬಿಗೆ ತಲೆಯಿಟ್ಟರೆ ಸಾಕು, ಠಣ್ ಎಂದು ಮೊದಲ ಪೆಟ್ಟು. ಅದು ಅವನ ಹಲ್ಲಿನ ಬುಡದಲ್ಲಿ ಹೊಕ್ಕು ಮಂಡಿಯಲ್ಲಿ ಹೊರಬರುತ್ತಿತ್ತು. ಹೆಂಡತಿಗೆ ಆ ಕಷ್ಟವಿಲ್ಲ. ಅವಳಿಗೆ ಕೇಳುವುದು ಒಂದೇ ಕಿವಿ. ಆ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಅವಳ ಪಾಲಿಗೆ ಲೋಕವೇ ಅಂಗಡಿ ಮುಚ್ಚಿದಂತೆ. ಅಕ್ಕಪಕ್ಕದಲ್ಲೆಲ್ಲ ಅಂಗಡಿಗಳು, ಕತ್ತಲಾದರೆ ಬೀಗ. ಮಲಗಲಿಕ್ಕೆ ಅಂತ ಆ ಬೀದಿಯಲ್ಲಿದ್ದದ್ದು ಇವರಿಬ್ಬರೇ.

ಆಗಾಗ ಅರೆನಿದ್ದೆಯಲ್ಲಿ ಜೋಂಪಣ್ಣನಿಗೆ ಒಂದು ಕನಸು ಬೀಳುತ್ತಿತ್ತು. ಆಕಾಶದಿಂದ ಹತ್ತಿ ಉದುರುತ್ತಿದೆ. ಬೀದಿ, ಮೆಟ್ಟಿಲು, ಅಂಗಡಿಗಳ ಸೂರು ಎಲ್ಲ ಹತ್ತಿಯಲ್ಲಿ ಮುಚ್ಚಿಹೋಗಿವೆ. ಮೇಸ್ತ್ರಿಯ ಕೈಯಲ್ಲಿ ಹತ್ತಿಯ ಸುತ್ತಿಗೆ. ಅವನು ಎತ್ತಿ ಎತ್ತಿ ಹೊಡೆಯುತ್ತಾನೆ, ತಗಡು ಉಸಿರೂ ಬಿಡುವುದಿಲ್ಲ. ಕನಸು ಇನ್ನೇನು ಆಳಕ್ಕೆ ಇಳಿಯಬೇಕು, ಅಷ್ಟರಲ್ಲಿ ಠಣ್.

ವಾರ್ಡಿನ ಚುನಾವಣೆಗೆ ನಿಂತ ನರ್ಸಮ್ಮ ಮನೆಮನೆಗೆ ಬಂದಾಗ ಅವನು ಮೆಟ್ಟಿಲಿಳಿದು ಬಂದು ಕೈಮುಗಿದಿದ್ದ. ಆಕೆ ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ತುಟಿಗೆ ಬೆರಳಿಟ್ಟು ಜನರನ್ನು ಸುಮ್ಮನಾಗಿಸಿದವರು.

"ಹಗಲು ಹೊತ್ತು ಸುತ್ತಿಗೆ ಸದ್ದು ನಿಲ್ಲಿಸಿ ಕೊಡಿ ಅಮ್ಮ, ಅಷ್ಟೇ ಸಾಕು."

"ರಾತ್ರಿ?"

"ರಾತ್ರಿ ನಾನು ಮನೇಲಿರಲ್ಲ. ಬಡ್ಕೊಳ್ಳಲಿ ಬಿಡಿ, ಪಾಪ, ಅವರ ಹೊಟ್ಟೆಪಾಡು."

ನರ್ಸಮ್ಮ ಮಾತು ಕೊಟ್ಟರು. ಗಿರಾಕಿಗಳ ಮಾತು ಕೇಳಿಸದೆ ಬೇಸತ್ತಿದ್ದ ಅಂಗಡಿಯವರೂ ಅವರ ಹಿಂದೆ ನಿಂತರು. ಎದುರಾಳಿ ಕಬ್ಬಿಣದ ಅಂಗಡಿಯ ಯಜಮಾನ, ಅವನ ಪರವಾಗಿ ಬೂತಿನಲ್ಲಿ ಏಜೆಂಟಾಗಿ ಕೂತವನು ತಗಡಿನ ಮೇಸ್ತ್ರಿ.

ವೋಟಿನ ದಿನ ಜೋಂಪಣ್ಣ ಮಲಗಲೇ ಇಲ್ಲ. ಮುಖಕ್ಕೆ ತಣ್ಣೀರು ಹಾಕಿಕೊಂಡು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಹೆಂಡತಿಯ ಹಿಂದೆ ಶಾಲೆಗೆ ನಡೆದ. ದಾರಿ ಮೆತ್ತಗಿತ್ತು, ಗೋಡೆಗಳು ಸ್ವಲ್ಪ ಸ್ವಲ್ಪ ಉಸಿರಾಡುತ್ತಿದ್ದವು. ಬೂತು ಒಂದನೇ ತರಗತಿಯ ಕೋಣೆಯಲ್ಲಿತ್ತು. ಮೊಣಕಾಲೆತ್ತರದ ಬೆಂಚುಗಳು, ಗೋಡೆಯ ಮೇಲೆ ಬಣ್ಣದ ಆನೆ, ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಸೀಮೆಸುಣ್ಣದ ಧೂಳು ಅವಸರವಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು.

ಬೂತಿನ ಅಧಿಕಾರಿ ಬೇರೆ ಊರಿನಿಂದ ಬಂದ ಕನ್ನಡಕದ ಹೆಂಗಸು. ಆಕೆ ಚೀಟಿ ನೋಡಿದರು, ಜೋಂಪಣ್ಣನನ್ನು ನೋಡಿದರು, ಮತ್ತೆ ಚೀಟಿ ನೋಡಿದರು.

"ಇದರಲ್ಲಿರೋರು ಮಲಗಿದ್ದಾರಲ್ರೀ."

"ಹೌದು ಮೇಡಂ. ನಾನೇ."

"ನೀವು ಎಚ್ಚರವಾಗಿದ್ದೀರಿ."

ಜೋಂಪಣ್ಣನ ಮೇಲೆ ಯಾರಾದರೂ ಇಂಥ ಆರೋಪ ಹೊರಿಸಿದ್ದು ಇದೇ ಮೊದಲು.

ಮೂಲೆಯಿಂದ ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ನನ್ನ ತಕರಾರಿದೆ ಮೇಡಂ. ಈ ಅಣ್ಣ ನಂಗೆ ಗೊತ್ತು, ನಮ್ಮ ಮಹಡಿ ಮೇಲೇ ಇರೋದು. ಆದರೆ ಇವರು ಮಲಗಿದ್ದನ್ನ ನಾನಂತೂ ಒಂದು ದಿನವೂ ನೋಡಿಲ್ಲ."

"ನೀನು ಮಲಗೋಕೆ ಬಿಟ್ಟರೆ ತಾನೇ ನೋಡೋದು" ಎಂದಳು ಹೆಂಡತಿ. "ಇವರು ನನ್ನ ಗಂಡ ಮೇಡಂ. ನಾನು ಹೇಳ್ತೀನಲ್ಲ. ಇಡೀ ಸಾಲು ಹೇಳುತ್ತೆ, ಕೇಳಿ."

"ಕಳೆದ ಸಲವೂ ನೀವೆಲ್ಲ ಇದ್ರಂತಲ್ಲ, ಆದರೂ ಇವರ ವೋಟು ಇನ್ಯಾರೋ ಹಾಕಿದ್ರಂತೆ" ಎಂದರು ಅಧಿಕಾರಿ. ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಇಲ್ಲಿ ಒಬ್ಬರೂ ಗೊತ್ತಿಲ್ಲಮ್ಮ. ಅದಕ್ಕೇ ನನ್ನನ್ನ ಕಳಿಸಿರೋದು. ನಾನು ನಂಬಬೇಕಾದ್ದು ಫೋಟೋನ. ಎಲ್ಲಿ, ಒಂದ್ಸಲ ಕಣ್ಣು ಮುಚ್ಚಿ ನೋಡೋಣ."

ಜೋಂಪಣ್ಣ ಕಣ್ಣು ಮುಚ್ಚಿದ. ಹುಬ್ಬು ಗಂಟಾಯಿತು, ಮೂಗು ಸುಕ್ಕಾಯಿತು. ಇಂಜೆಕ್ಷನ್‌ಗೆ ತೋಳು ಕೊಟ್ಟು ಕಾಯುವವನ ಮುಖ.

"ಇದಲ್ಲ. ಫೋಟೋದೋರು ಎಷ್ಟು ನೆಮ್ಮದಿಯಾಗಿದ್ದಾರೆ ನೋಡಿ. ಅಲ್ಲಿ ಕೂತ್ಕೊಳ್ಳಿ. ಮುಖ ಹೊಂದಿದ ತಕ್ಷಣ ವೋಟು ಕೊಡ್ತೀನಿ. ಐದಕ್ಕೆ ಬಾಗಿಲು ಹಾಕ್ತೀವಿ, ಅದು ಮಾತ್ರ ನೆನಪಿರಲಿ."

ಗೋಡೆ ಬದಿಯ ಪುಟ್ಟ ಬೆಂಚಿನ ಮೇಲೆ ಅವನನ್ನು ಕೂರಿಸಿದರು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಹೆಂಡತಿ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಸೆರಗಿನಲ್ಲಿ ಗಾಳಿ ಹಾಕುತ್ತ, "ಮಲಗ್ರೀ, ನಿಮಗಿದು ಕಲಿಸಿಕೊಡಬೇಕಾ" ಎಂದಳು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಬಂದು ಅವನ ಬೆನ್ನು ತಟ್ಟಿದಳು. ಮತ್ಯಾರೋ ಕಿಟಕಿಗೆ ಟವಲು ಕಟ್ಟಿ ಬಿಸಿಲು ಮರೆಮಾಡಿದರು. "ಶ್, ಸದ್ದು ಮಾಡ್ಬೇಡಿ" ಎಂದು ಎಲ್ಲರೂ ಎಲ್ಲರಿಗೂ ಹೇಳಿದ್ದರಿಂದ ಸದ್ದು ಇನ್ನಷ್ಟು ಹೆಚ್ಚಾಯಿತು.

ನಿದ್ದೆ ಬರಲಿಲ್ಲ. ಬಸ್ಸಿನಲ್ಲಿ, ಕ್ಷೌರದ ಕುರ್ಚಿಯಲ್ಲಿ, ಒಮ್ಮೆ ತನ್ನದೇ ಮದುವೆಯ ಫೋಟೋಗೆ ನಿಂತಾಗ, ಕರೆಯದೆ ಬಂದು ಮೈಮೇಲೆ ಬೀಳುತ್ತಿದ್ದ ನಿದ್ದೆ ಇವತ್ತು ಬಾಗಿಲಲ್ಲೇ ನಿಂತು, ಇಷ್ಟು ಜನರ ಮುಂದೆ ಒಳಗೆ ಬರಲು ನಾಚಿಕೊಳ್ಳುತ್ತಿತ್ತು. ಮೇಸ್ತ್ರಿ ಗಡಿಯಾರ ನೋಡಿ ಮುಸಿಮುಸಿ ನಕ್ಕ.

ಆಗ ಸಾಲಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ತರು ಒಂದು ಹೆಜ್ಜೆ ಮುಂದೆ ಬಂದರು.

"ಈ ಫೋಟೋ ವಿಚಾರವನ್ನ ನಾವು ಎರಡೂ ಕಡೆಯಿಂದ ನೋಡಬೇಕಾಗುತ್ತೆ" ಎಂದು ಶುರುಮಾಡಿದರು. "ಒಂದು ಕಡೆ, ಕಳ್ಳ ವೋಟು ತಪ್ಪಬೇಕು. ಅದು ಸರಿ. ಇನ್ನೊಂದು ಕಡೆ, ಫೋಟೋ ಇಲ್ಲದ ಬಡವ ಏನು ಮಾಡಬೇಕು? ಅದೂ ಸರಿ. ಫೋಟೋ ಅಂದರೇನು? ಆ ಕ್ಷಣದ ಮುಖ. ಮನುಷ್ಯನ ಮುಖವೋ, ಕ್ಷಣಕ್ಷಣಕ್ಕೂ ಬೇರೆ. ಹಾಗಂತ ಮುಖವೇ ಬೇಡ ಅನ್ನೋಕಾಗುತ್ತಾ? ಆಗಲ್ಲ. ಬೇಕು ಅನ್ನೋಕಾಗುತ್ತಾ? ಅದನ್ನೂ ಯೋಚಿಸಬೇಕು..."

ಮಾಸ್ತರು ಒಂದು ದಡದಿಂದ ಇನ್ನೊಂದು ದಡಕ್ಕೆ, ಅಲ್ಲಿಂದ ಮತ್ತೆ ಇಲ್ಲಿಗೆ, ಮೆಲ್ಲಗೆ ದೋಣಿ ನಡೆಸಿದರು. ಆ ದೋಣಿಯಲ್ಲಿ ಜೋಂಪಣ್ಣ ಹತ್ತಿ ಕೂತ. ಮಾತುಗಳು ನೀರಿನ ಹಾಗೆ ಪಕ್ಕಕ್ಕೆ ಬಡಿಯುತ್ತಿದ್ದವು. ಗೋಡೆಯ ಆನೆ ಇಳಿದು ಬಂದು ಜೊತೆಗೆ ಈಜಿತು. ಸೀಮೆಸುಣ್ಣದ ಧೂಳು ಹತ್ತಿಯಾಗಿ ಉದುರತೊಡಗಿತು. ಬೆಂಚು ಮುಳುಗಿತು, ಮೇಜು ಮುಳುಗಿತು, ಮೇಸ್ತ್ರಿಯ ಮೀಸೆಯ ಮೇಲೂ ಹತ್ತಿ. ಅವನು ಹತ್ತಿಯ ಸುತ್ತಿಗೆ ಎತ್ತಿದ, ಹೊಡೆದ. ಸದ್ದೇ ಇಲ್ಲ.

ಕೋಣೆಯಲ್ಲಿ ಇದ್ದವರು ಕಂಡದ್ದು ಇಷ್ಟು: ಕೊಡೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟು ಕೂತ ಜೋಂಪಣ್ಣನ ಹುಬ್ಬಿನ ಗಂಟು ಸಡಿಲವಾಯಿತು, ತಲೆ ಎಡಭುಜಕ್ಕೆ ವಾಲಿತು, ತುಟಿಯ ಮೇಲೆ ಆ ನಗೆ ತಾನಾಗಿ ಬಂದು ಕೂತಿತು. ಅಧಿಕಾರಿ ಎದ್ದು ಬಂದು ಚೀಟಿಯನ್ನು ಅವನ ಕೆನ್ನೆಯ ಪಕ್ಕದಲ್ಲಿ ಹಿಡಿದರು. ಮಾಸ್ತರೂ ಮಾತು ನಿಲ್ಲಿಸಿದರು.

"ಇವರೇ" ಎಂದರು ಅಧಿಕಾರಿ.

"ಇವನೇ" ಎಂದಿತು ಬಾಗಿಲಿನಿಂದ ಇನ್ನೊಂದು ದನಿ. ಅಲ್ಲಿ ವೋಟು ಹಾಕಲು ಬಂದ ಹಾಸಿಗೆ ಗೋದಾಮಿನ ಸಾಹುಕಾರರು ನಿಂತಿದ್ದರು. "ಅನುಮಾನವೇ ಬೇಡ. ದಿನಾ ರಾತ್ರಿ ಕಾರಲ್ಲಿ ಹೋಗ್ತಾ ಗೇಟಿನ ಹತ್ರ ನೋಡ್ತೀನಲ್ಲ. ಹೀಗೇ ದೊಣ್ಣೆ ಹಿಡ್ಕೊಂಡು, ಹೀಗೇ ತಲೆ ವಾಲಿಸ್ಕೊಂಡು ಕೂತಿರ್ತಾನೆ. ಕಳ್ಳರ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟಿದ್ದಾನೆ ಅಂದ್ಕೊಂಡು ಹೋದ ವರ್ಷ ಸಂಬಳ ಬೇರೆ ಜಾಸ್ತಿ ಮಾಡಿದೆ."

ಅಧಿಕಾರಿ ಜೋಂಪಣ್ಣನ ಭುಜ ಅಲುಗಿಸಿದರು. "ಏಳಿ. ನಿದ್ದೆ ಸಾಕು. ನೀವು ನೀವೇ."

ಬೆರಳಿಗೆ ತಣ್ಣಗೆ ಶಾಯಿ ತಾಗಿತು. ರಟ್ಟಿನ ಮರೆಯ ಹಿಂದೆ ಅವನು ಇನ್ನೂ ಅರ್ಧ ದೋಣಿಯಲ್ಲೇ ಇದ್ದ. ಕಬ್ಬಿಣದ ಅಂಗಡಿಯವನಿಗೆ ಕೊಟ್ಟ ಗುರುತು ನವಿಲುಗರಿ. ಸದ್ದೆಂದರೆ ಆಗದ ನರ್ಸಮ್ಮನಿಗೆ ಗಂಟೆ. ಗರಿ ಅಷ್ಟು ಮೆತ್ತಗೆ ಕಂಡಿತೆಂದರೆ ಬೆರಳು ತಾನಾಗಿ ಅದರ ಕಡೆ ಹೊರಟಿತು. ಹೋದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದೆಳೆದು ಗಂಟೆಯ ಮೇಲೆ ಒತ್ತಿ, ಅವನು ಬೆವರು ಒರೆಸಿಕೊಂಡ.

ಹೊರಗೆ ಸಾಹುಕಾರರು ಕಾಯುತ್ತಿದ್ದರು. ಕೆಲಸ ಹೋಯಿತು ಎಂದುಕೊಂಡು ಜೋಂಪಣ್ಣ ಕೊಡೆಯನ್ನು ಎದೆಗೆ ಅವಚಿಕೊಂಡ.

"ಏನಯ್ಯಾ, ನನ್ನ ಗೋದಾಮಿನಲ್ಲಿ ಹಾಸಿಗೆ ಮಾರೋಕೆ ಇರೋದು ಅಂದ್ಕೊಂಡಿದ್ದೆ. ನೀನು ಕಾವಲಿನ ಕುರ್ಚೀನೇ ಹಾಸಿಗೆ ಮಾಡ್ಕೊಂಡಿದ್ದೀಯ. ಇವತ್ತಿಂದ್ಲೇ ರಾತ್ರಿ ಕೆಲಸ ಬೇಡ. ನಾಳೆಯಿಂದ ಹಗಲು ಬಾ. ಲಾರಿಗೆ ಹಾಸಿಗೆ ಹೊರು. ತಲೆ ಮೇಲೆ ಹಾಸಿಗೆ ಇದ್ದಾಗ ಹೇಗೆ ಮಲಗ್ತೀಯ ನೋಡ್ತೀನಿ."

ಜೋಂಪಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನು ಸಾಹುಕಾರರಿಗೆ ಕೈಮುಗಿದ ಪರಿ ನೋಡಿ ಅವರೇ ಗಲಿಬಿಲಿಯಾದರು. ಹಗಲು ಕೆಲಸ, ಅಂದರೆ ರಾತ್ರಿ ಮನೆ. ಎಲ್ಲ ಮನುಷ್ಯರ ಹಾಗೆ, ಕತ್ತಲಾದ ಮೇಲೆ, ಉದ್ದಕ್ಕೆ ಮಲಗುವುದು.

ಸಂಜೆ ಶಾಲೆಯ ಅಂಗಳದಲ್ಲೇ ಎಣಿಕೆ ಮುಗಿಯಿತು. ನರ್ಸಮ್ಮ ಗೆದ್ದಿದ್ದರು, ಒಂದೇ ಒಂದು ವೋಟಿನಲ್ಲಿ. ಜನ ಬಂದು ಜೋಂಪಣ್ಣನ ಬೆನ್ನು ತಟ್ಟಿದರು. "ನಿನ್ನ ನಿದ್ದೆ ಗೆಲ್ಲಿಸ್ತು ನೋಡಯ್ಯ" ಎಂದರು ಮಾಸ್ತರು, ತಮ್ಮ ಪಾಲನ್ನು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟು.

ಊಟ ಮುಗಿಸಿ, ಹಾಸಿಗೆ ಕೊಡವಿ, ಅವನು ಮಲಗಿದ. ಹೆಂಡತಿ ಪಕ್ಕದಲ್ಲಿ ಕೇಳುವ ಕಿವಿಯನ್ನು ದಿಂಬಿಗೆ ಒತ್ತಿ ಆಗಲೇ ಹೊರಟುಹೋಗಿದ್ದಳು. ಕಿಟಕಿಯಲ್ಲಿ ಬೆಳದಿಂಗಳು. ಬೀದಿಯಲ್ಲಿ ಒಂದು ಸದ್ದಿಲ್ಲ. ಎಲ್ಲಿಂದಲೋ ಮೊದಲ ಎಳೆ ಹತ್ತಿ ಉದುರಿತು. ಅದರ ಹಿಂದೆ ಇನ್ನೊಂದು.

ಠಣ್.

ಜೋಂಪಣ್ಣ ಕಿಟಕಿಯಿಂದ ತಲೆ ಹಾಕಿದ. ಕೆಳಗೆ ದೀಪದ ಬೆಳಕಿನಲ್ಲಿ ಮೇಸ್ತ್ರಿ ಟ್ರಂಕಿನ ತಗಡು ಹರಡಿಕೊಂಡು ಕೂತಿದ್ದ.

"ಏನ್ ಮೇಸ್ತ್ರಿ ಇದು?"

"ನಿಮ್ಮ ನರ್ಸಮ್ಮ ಬಂದು ಹೇಳಿ ಹೋದ್ರಣ್ಣ, ಇನ್ಮೇಲೆ ಹಗಲು ಸುತ್ತಿಗೆ ಎತ್ತೋಹಾಗಿಲ್ಲ ಅಂತ. ಸೋತ ಮೇಲೆ ಗೆದ್ದೋರ ಮಾತು ಕೇಳ್ಬೇಕಲ್ಲ. ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಬಡಿಯೋದು ಅಂತ ಮಾಡ್ಕೊಂಡೆ. ನೀವೇ ಹೇಳಿದ್ರಂತಲ್ಲ, ರಾತ್ರಿ ಬಡ್ಕೊಳ್ಳಲಿ ಅಂತ. ದೊಡ್ಡ ಮನಸ್ಸು ನಿಮ್ಮದು." ಮೇಸ್ತ್ರಿ ಸುತ್ತಿಗೆ ಎತ್ತಿದವನು ತಡೆದು ಮೇಲೆ ನೋಡಿದ. "ಅಂದ ಹಾಗೆ, ಇಷ್ಟೊತ್ತಾಯ್ತು, ಡ್ಯೂಟಿಗೆ ಹೋಗಲ್ವಾ?"

ಜೋಂಪಣ್ಣ ಕಿಟಕಿ ಮುಚ್ಚಿದ. ಮೂಲೆಯಲ್ಲಿ ತೂಗುಹಾಕಿದ ಅಂಗಿಯ ಜೇಬಿನಿಂದ ಗುರುತಿನ ಚೀಟಿ ತೆಗೆದು, ಹಾಸಿಗೆಯ ಮೇಲೆ ಕೂತು, ಬೆಳದಿಂಗಳಿಗೆ ಹಿಡಿದು ನೋಡಿದ. ಕೆಳಗಿನಿಂದ ಒಂದೊಂದು ಪೆಟ್ಟು ಬಿದ್ದಾಗಲೂ ಚೀಟಿ ಅವನ ಕೈಯಲ್ಲಿ ನಡುಗುತ್ತಿತ್ತು. ಅದರೊಳಗಿನವನು ಮಾತ್ರ ತಲೆ ವಾಲಿಸಿ, ತುಟಿಯ ಮೇಲೆ ನಗೆ ಇಟ್ಟುಕೊಂಡು, ಸುಖವಾಗಿ ಮಲಗಿದ್ದ. ಈಗ ಯಾರಾದರೂ ಬಂದು ಇವನು ನೀನೇನಾ ಎಂದು ಕೇಳಿದ್ದರೆ, ಜೋಂಪಣ್ಣ ಅಲ್ಲ ಎಂದೇ ಹೇಳುತ್ತಿದ್ದ.