ಬಾಯಿ ಬಿಡದೆ ಸಾಯುವ ಯಂತ್ರ

ಹೊಟ್ಟೆನೋವು ಎಂದು ಗೋಳಾಡುವವರ ಬಗ್ಗೆ ನನಗೆ ಬಹಳ ಗೌರವ. ಎಲ್ಲಿ ನೋವೆಂದಾದರೂ ಅವರು ಹೇಳುತ್ತಾರಲ್ಲ! ನನ್ನ ತಲೆ ತಿಂದದ್ದು ಬಾಯಿ ತೆರೆಯುವ ಮೊದಲೇ ಸಾಯುತ್ತಿದ್ದ ಒಂದು ಕಂಪ್ಯೂಟರು. ಎಂಬತ್ತರ ದಶಕದ ಮಾತು. ಬೆಳಗಾವಿಯ ಖಾಸಬಾಗದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಖಾನಾಪುರದಲ್ಲಿ ಹಂಚಿನ ಭಟ್ಟಿ ನಡೆಸುತ್ತಿದ್ದ ಅಣ್ಣಾಸಾಹೇಬರು ಭಟ್ಟಿಯ ಶಾಖ ನೋಡಿಕೊಳ್ಳಲು ನಮ್ಮಿಂದ ಒಂದು ಯಂತ್ರ ಕೇಳಿದ್ದರು. ಅವರದು ಒಂದೇ ಷರತ್ತು: "ಚಾಲೂ ಮಾಡಿದ ಕೂಡ್ಲೇ ಮೊದಲ ಬಸವಣ್ಣನ ಹೆಸರು ಬರಬೇಕ್ರಿ. ಆಮ್ಯಾಲೆ ಏನರೆ ಬರಲಿ."

ಅದಕ್ಕೇನಂತೆ! ಸಂತೆಯ ಚೀಟಿಯ ನೆತ್ತಿಗೂ ಶ್ರೀ ಬರೆಯುವ ಮನೆತನ ನನ್ನದು. ಆ ಕಂಪ್ಯೂಟರಿನ ಕರ್ನಲ್ ಬರೆಯುವ ಕೆಲಸ ನನ್ನದು. ಕರ್ನಲ್ ಎಂದರೆ, ಕರೆಂಟು ಬಂದೊಡನೆ ಎದ್ದು ಮೆಮರಿ, ಪರದೆ ಮೊದಲಾದವನ್ನೆಲ್ಲ ಕೆಲಸಕ್ಕೆ ಹಚ್ಚುವ ಮೂಲ ಪ್ರೋಗ್ರಾಮು. ಅದರ ಮೊಟ್ಟಮೊದಲ ಸಾಲಿನಲ್ಲೇ 'ಶ್ರೀ ಬಸವೇಶ್ವರ ಪ್ರಸನ್ನ' ಎಂದು ತೋರಿಸುವಂತೆ ಬರೆದು, ಉಳಿದದ್ದನ್ನೆಲ್ಲ ಅದರ ಕೆಳಗೆ ಬರೆದೆ. ಗುಂಡಿ ಒತ್ತಿದರೆ ಪರದೆ ಕಪ್ಪು. ಮತ್ತೆ ಒತ್ತಿದರೂ ಕಪ್ಪು. ತಪ್ಪಾಗಿದೆ ಎಂದು ಹೇಳಲಿಕ್ಕಾದರೂ ಪರದೆ ಏಳಬೇಕಲ್ಲ! ಯಂತ್ರ ಜೋಡಿಸಿದ ಗೆಳೆಯ ಪದ್ಮಣ್ಣ, "ನನ್ನ ವಾಯರಿಂಗ್ ಬರೋಬರಿ ಐತಿ, ನಿನ್ನ ಬರವಣಿಗಿ ನೋಡ್ಕೋ," ಎಂದು ಚಹಾ ಕುಡಿಯಲು ಹೋದ. ಮಾಲೀಕರು ಬಂದು, "ಅಣ್ಣಾಸಾಹೇಬ್ರು ಶುಕ್ರವಾರ ಭಟ್ಟಿಗೆ ಬೆಂಕಿ ಹಾಕ್ತಾರ. ಅಷ್ಟರಾಗ ಇದು ಏಳಲಿಲ್ಲಂದ್ರ ಕಂಪ್ಯೂಟರ್ ಖೋಲಿ ಬಂದ್. ನೀವು ಬ್ಯಾರೆ ನೌಕರಿ ನೋಡ್ಕೋರಿ," ಎಂದರು.

ಯಂತ್ರದ ಮೂಲೆಯಲ್ಲೊಂದು ಪುಟ್ಟ ಕೆಂಪು ದೀಪವಿತ್ತು. ಅದನ್ನು ಹೊತ್ತಿಸುವ ಒಂದು ಸಾಲನ್ನು ಪ್ರೋಗ್ರಾಮಿನ ನಡುವೆ ಸೇರಿಸಿದೆ. ಹೊತ್ತಿದರೆ ಅಲ್ಲಿಯ ತನಕ ಜೀವವಿದೆ ಎಂದರ್ಥ. ಹೊತ್ತಲಿಲ್ಲ. ಸಾಲನ್ನು ಮೇಲಕ್ಕೆ ಸರಿಸಿದೆ. ಹೊತ್ತಲಿಲ್ಲ. ಥೂ ಇದರ! ಪ್ರತಿ ಸಲವೂ ಪ್ರೋಗ್ರಾಮು ಇದ್ದ ಚಿಪ್ ಕಿತ್ತು, ಹೊಸದಾಗಿ ತುಂಬಿ, ಮತ್ತೆ ಕೂರಿಸಿ ಬೆರಳೆಲ್ಲ ಚುಚ್ಚಿಸಿಕೊಂಡೆ. ಕೊನೆಗೆ ದೀಪದ ಸಾಲು ದೇವರ ಹೆಸರಿನ ಕೆಳಗೇ ಬಂದು ಕೂತಿತು. ಆಗಲೂ ಕತ್ತಲೆ. ಇನ್ನು ಉಳಿದದ್ದು ದೇವರ ಹೆಸರಿನ ಮೇಲಿನ ಜಾಗ. ಅಲ್ಲಿ ಬರೆಯಲು ಕೈ ಏಳಬೇಕಲ್ಲ! ಮೆಮರಿ ಬದಲಿಸಿದೆ, ಕರೆಂಟಿನವರನ್ನು ಬೈದೆ, ಪದ್ಮಣ್ಣನ ಜೊತೆ ಮಾತು ಬಿಟ್ಟೆ, ಶ್ರೀಕಾರದ ತಂಟೆಗೆ ಮಾತ್ರ ಹೋಗಲಿಲ್ಲ. ಗುರುವಾರ ನೌಕರಿಯ ಭಯ ದೇವರ ಭಯವನ್ನು ಮೀರಿತು. ಗಲ್ಲಗಲ್ಲ ಬಡಿದುಕೊಂಡು ದೀಪದ ಸಾಲನ್ನು ದೇವರ ಹೆಸರಿನ ಮೇಲಿಟ್ಟೆ. ಫಕ್ಕನೆ ಹೊತ್ತಿತು!

ಅಂದರೆ ಅದು ಸಾಯುತ್ತಿದ್ದದ್ದು ದೇವರ ಹೆಸರು ಹೇಳಲು ಹೋಗಿಯೇ. ಮೆಮರಿ ಸಜ್ಜಾಗಿಲ್ಲ, ಪರದೆ ಎದ್ದಿಲ್ಲ, ಆಗಲೇ ನಾನು ಅದರಿಂದ ಪ್ರಾರ್ಥನೆ ಹೇಳಿಸುತ್ತಿದ್ದೆ. ಸಜ್ಜುಗೊಳಿಸುವ ಸಾಲುಗಳನ್ನು ಮೇಲಕ್ಕೆ ತಂದು, ಹೆಸರನ್ನು ಅವುಗಳ ಕೆಳಗಿಳಿಸಿದೆ. ಚಾಲೂ ಆಯಿತು.

ಶುಕ್ರವಾರ ಖಾನಾಪುರದಲ್ಲಿ ಗುಂಡಿ ಒತ್ತಿದೆ. ಪರದೆ ಕೊಂಚ ಹೊತ್ತು ಕಪ್ಪಾಗಿಯೇ ಇತ್ತು, ಆಮೇಲೆ ಬಸವಣ್ಣನ ಹೆಸರು ಮೂಡಿತು. ಅಣ್ಣಾಸಾಹೇಬರು ಹುಬ್ಬು ಗಂಟು ಹಾಕಿದರು. "ಅಲ್ರೀ, ದೇವರ ಹೆಸರಿಗಿಂತ ಮೊದಲ ಅದೇನ ಮಾಡಾಕತ್ತಿತ್ತು?"

"ಜಳಕಾ ಮಾಡಾಕತ್ತಿತ್ರಿ," ಎಂದುಬಿಟ್ಟೆ. "ಜಳಕಾ ಇಲ್ದ ದೇವರ ಹೆಸರು ಹೆಂಗ ಹೇಳೂದ್ರಿ?"

ಅಣ್ಣಾಸಾಹೇಬರು ಯಂತ್ರಕ್ಕೆ ಕೈಮುಗಿದರು. ಆಮೇಲೆ, ಆ ವಾರವೆಲ್ಲ ಮನೆಯ ಮುಖ ಕಾಣದ ನನ್ನ ಹತ್ತಿರ ಬಂದವರು ತಟ್ಟನೆ ಮೂಗಿಗೆ ಟವೆಲ್ ಹಿಡಿದು ಹೇಳಿದರು: "ಮಷೀನ್ ಭಾಳ ಶಾಣ್ಯಾ ಐತ್ರಿ. ಹಿತ್ತಲದಾಗ ಬಾವಿ ಐತಿ, ನೀವೂ ಮಾಡಿ ಬರ್ರಿ."